.308 ಬ್ಯಾರಲ್ ತುದಿಗೆ ಯಾವ ಥ್ರೆಡ್? ಬ್ರೇಕ್ ಕೂರ್ತಿಲ್ಲ, ಗೊತ್ತಿದ್ದವರು ಹೇಳಿ

ಪ್ರಶ್ನೆ: ಟೆಕ್ಸಾಸ್‌ನಲ್ಲಿದ್ದೇನೆ. ಯುರೋಪ್‌ನಲ್ಲಿ ತಯಾರಾದ ಸೆಕೆಂಡ್ ಹ್ಯಾಂಡ್ .308 ಬೋಲ್ಟ್ ರೈಫಲ್ ಇದೆ. ".308ಕ್ಕೆ 5/8-24" ಅಂತ ಎಲ್ಲರೂ ಹೇಳಿದ್ದಕ್ಕೆ ಅದೇ ಥ್ರೆಡ್‌ನ ಮಜಲ್ ಬ್ರೇಕ್ (ಒದೆತ ಕಮ್ಮಿ ಮಾಡೋಕೆ ಬ್ಯಾರಲ್ ತುದಿಗೆ ತಿರುಗಿಸಿ ಹಾಕೋ ಭಾಗ) ತಂದೆ. ತಿರುಗಿಸದೆಯೇ ಒಳಗೆ ಜಾರುತ್ತೆ, ಕೈಬಿಟ್ಟರೆ ಅಲ್ಲಾಡುತ್ತೆ. ಬ್ಯಾರಲ್ ಥ್ರೆಡ್‌ನ ಹೊರ ವ್ಯಾಸ ಕ್ಯಾಲಿಪರ್‌ನಲ್ಲಿ 14.9 ಮಿ.ಮೀ. ತೋರಿಸುತ್ತೆ. ಬ್ರೇಕ್ ಕೆಟ್ಟದ್ದಾ, ಬ್ಯಾರಲ್ ಸವೆದಿದೆಯಾ?

ಉತ್ತರ: ಎರಡೂ ಸರಿಯಾಗೇ ಇವೆ ಸರ್, ಜೋಡಿ ತಪ್ಪಿದೆ. 5/8-24 ಅಂದ್ರೆ ವ್ಯಾಸ 5/8 ಇಂಚು (15.875 ಮಿ.ಮೀ.), ಇಂಚಿಗೆ 24 ಹಲ್ಲು. ನಿಮ್ಮದು 14.9 ಅಂದ್ರೆ ಬಹುತೇಕ ಎಂ15×1, ಅಂದ್ರೆ ವ್ಯಾಸ 15 ಮಿ.ಮೀ., ಪಿಚ್ (ಹಲ್ಲಿಂದ ಹಲ್ಲಿಗೆ ದೂರ) 1 ಮಿ.ಮೀ. ಸಾಕೋ, ಟಿಕ್ಕಾ, ಬ್ಲೇಸರ್ ರೈಫಲ್‌ಗಳಲ್ಲಿ ಇದು ಸಾಮಾನ್ಯ. ಹೊರ ಥ್ರೆಡ್‌ನ ತುದಿ ಹೆಸರಿನ ಅಳತೆಗಿಂತ ಸಾಮಾನ್ಯವಾಗಿ ಒಂದು ಕೂದಲು ಕಮ್ಮಿ ಇರುತ್ತೆ, ಅದಕ್ಕೇ 15 ಬರಲಿಲ್ಲ. 5/8-24 ಬ್ರೇಕ್‌ನ ಒಳಥ್ರೆಡ್‌ನ ತುದಿಯಿಂದ ತುದಿಗೆ 14.73ರಿಂದ 14.99 ಮಿ.ಮೀ. ನಿಮ್ಮ ಬ್ಯಾರಲ್ ಥ್ರೆಡ್ ಅದರ ತುದಿಗೆ ಮಾತ್ರ ತಾಗ್ತಿದೆ, ಹಲ್ಲಿಗೆ ಹಲ್ಲು ಕಚ್ಚೋದೇ ಇಲ್ಲ. ಟೇಪ್ ಸುತ್ತಿ ಬಿಗಿ ಮಾಡಿ ಗುಂಡು ಹಾರಿಸೋ ಯೋಚನೆ ಖಂಡಿತ ಬೇಡ.

ಪಿಚ್ ಅಳೆದು ಖಚಿತ ಮಾಡ್ಕೊಳ್ಳಿ. ಮೊದಲು ಬೋಲ್ಟ್ ತೆಗೆದು ಚೇಂಬರ್ (ಗುಂಡು ಕೂರೋ ಜಾಗ) ಖಾಲಿ ಇದೆಯಾ ಕಣ್ಣಲ್ಲಿ ನೋಡಿ. ಪಿಚ್ ಗೇಜ್ ಇದ್ದರೆ ಅದರ ಹಲ್ಲು ಕೂರಿಸಿ ಬೆಳಕಿಗೆ ಹಿಡಿಯಿರಿ, ಸಂದಿಯಲ್ಲಿ ಬೆಳಕು ಕಾಣಬಾರದು. ಇಲ್ಲದಿದ್ದರೆ ಹನ್ನೊಂದು ತುದಿ ಎಣಿಸಿ, ಮೊದಲನೆಯದರಿಂದ ಹನ್ನೊಂದನೆಯದರ ತನಕ ಅಳೆಯಿರಿ. 10.0 ಮಿ.ಮೀ. ಬಂದರೆ ಪಿಚ್ 1 ಮಿ.ಮೀ., 10.6 ಬಂದರೆ ಇಂಚಿಗೆ 24, 9.1 ಬಂದರೆ 28, 12.7 ಬಂದರೆ 20.

ಉತ್ತರ: ಮೇಲಿನವರು ಹೇಳಿದ್ದು ಸರಿ. ಕ್ಯಾಲಿಬರ್ ನೋಡಿ ಥ್ರೆಡ್ ಊಹಿಸೋದೇ ಎಲ್ಲ ತೊಂದರೆಗೂ ಮೂಲ. ಅಮೆರಿಕದಲ್ಲಿ .22 ಮತ್ತು .223ಕ್ಕೆ 1/2-28, .308 ಮತ್ತು 6.5 ಕ್ರೀಡ್‌ಮೋರ್‌ಗೆ 5/8-24 ಅನ್ನೋದು ರೂಢಿ, ಕಾಯಿದೆ ಅಲ್ಲ. ಬ್ರಿಟನ್‌ನ ಏರ್ ರೈಫಲ್, .22 ರೈಫಲ್‌ಗಳಲ್ಲಿ 1/2-20 ಸಿಗುತ್ತೆ. ಅದೂ 12.7 ಮಿ.ಮೀ.ನೇ ಆದ್ದರಿಂದ ವ್ಯಾಸ ಮಾತ್ರ ಅಳೆದವರು ಮೋಸ ಹೋಗ್ತಾರೆ: 28ರ ಬ್ರೇಕ್ ಒಂದು ಸುತ್ತು ಹೋಗಿ ನಿಲ್ಲುತ್ತೆ, ಬಲ ಹಾಕಿದರೆ ಥ್ರೆಡ್ ಹರಿಯುತ್ತೆ. ಎಕೆಎಂನದ್ದು ಎಂ14×1 ಲೆಫ್ಟ್ ಹ್ಯಾಂಡ್, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತೆ. ಎಕೆ-74ರದ್ದು ಎಂ24×1.5, ಬಲಕ್ಕೆ.

.30 ಕ್ಯಾಲಿಬರ್‌ಗೆ ದಪ್ಪ ಥ್ರೆಡ್ ಯಾಕೆ ಅಂದ್ರೆ, 5/8-24 ಕೊರೆದ ಮೇಲೆ ಥ್ರೆಡ್ ಬುಡದಲ್ಲಿ ಸುಮಾರು 3.4 ಮಿ.ಮೀ. ಉಕ್ಕು ಉಳಿಯುತ್ತೆ. 1/2-28 ಕೊರೆದರೆ 1.9 ಮಾತ್ರ.

ಪ್ರಶ್ನೆ ಕೇಳಿದವರು: ಹನ್ನೊಂದು ತುದಿಗೆ 10.0 ಬಂತು. ಧನ್ಯವಾದ! ಬ್ರೇಕ್ ವಾಪಸ್ ತಗೊಳ್ತಿಲ್ಲ. ಅಡಾಪ್ಟರ್ ಹಾಕಬಹುದಾ?

ಉತ್ತರ: ಬೇಡ. ಲೆಕ್ಕ ಹಾಕಿ ನೋಡಿ: 5/8-24 ಹೊರಥ್ರೆಡ್‌ನ ಬುಡ 14.6 ಮಿ.ಮೀ., ಒಳಗೆ 15 ಮಿ.ಮೀ. ಥ್ರೆಡ್ ಕೂರಬೇಕು. ಮಧ್ಯೆ ಗೋಡೆಯೇ ಇರಲ್ಲ. ಹಾಗಾಗಿ ಅಡಾಪ್ಟರ್ ಬ್ಯಾರಲ್ ದಾಟಿ ಮುಂದಕ್ಕೆ ಉದ್ದವಾಗಿ ಚಾಚಲೇಬೇಕು. ಎರಡು ಜೋಡಣೆ ಆದಾಗ ಎರಡರ ಓರೆಯೂ ಸೇರುತ್ತೆ, ಗುಂಡು ಬ್ರೇಕ್‌ನ ಅಂಚಿಗೆ ಬಡಿಯೋ ಸಾಧ್ಯತೆ ಹೆಚ್ಚು. ಎಂ15×1 ಬ್ರೇಕೇ ತನ್ನಿ. ಅದೇ ಸರಿಯಾದ ದಾರಿ.

ತಂದಾಗ ಥ್ರೆಡ್ ಜೊತೆಗೆ ತೂತನ್ನೂ ಅಳೆಯಿರಿ. .308 ಗುಂಡು 7.82 ಮಿ.ಮೀ., ಬ್ರೇಕ್ ತೂತು ಕನಿಷ್ಠ ಅರ್ಧ ಮಿ.ಮೀ. ದೊಡ್ಡದಿರಲಿ. ಥ್ರೆಡ್ ಕೂತಿತು ಅಂತ .223 ಬ್ರೇಕ್ ಅನ್ನು 300 ಬ್ಲ್ಯಾಕ್‌ಔಟ್ ಬ್ಯಾರಲ್‌ಗೆ ಹಾಕಿದರೆ 7.82ರ ಗುಂಡು ಆ ಸಣ್ಣ ತೂತಿಗೆ ನುಗ್ಗಿ ಬ್ರೇಕ್ ಸೀಳುತ್ತೆ.

ಉತ್ತರ: ಜೋಡಿಸೋದರ ಬಗ್ಗೆ ನಾನು ಸೇರಿಸ್ತೀನ್ರಿ. ಬ್ಯಾರಲ್ ಭುಜ (ಥ್ರೆಡ್ ಮುಗಿಯೂ ಕಡೆ ಇರೂ ಮೆಟ್ಟಿಲು) ಮತ್ತು ಬ್ರೇಕ್ ಹಿಂಭಾಗ ಒರೆಸಿ ಸ್ವಚ್ಛ ಮಾಡ್ರಿ, ಒಂದು ಕಣ ಲೋಹದ ಪುಡಿ ಸಿಕ್ಕಿಕೊಂಡರೂ ಓರೆ ಕೂಡತೈತಿ. ಕೈಯಿಂದಲೇ ಭುಜದ ತನಕ ಹೋಗಬೇಕು. ಬ್ರೇಕ್ ಕಿಂಡಿ ನೆಟ್ಟಗೆ ಬರಲಿಕ್ಕೆ ಶಿಮ್ (ತೆಳು ಲೋಹದ ಬಳೆ) ಹಾಕ್ರಿ. ನಿಮ್ಮ ಪಿಚ್ 1 ಮಿ.ಮೀ., ಅಂದ್ರ 0.1 ಮಿ.ಮೀ. ಶಿಮ್‌ಗೆ 36 ಡಿಗ್ರಿ ಮೊದಲೇ ನಿಲ್ಲತೈತಿ. ಕೈಬಿಗಿಯಲ್ಲಿ 20–30 ಡಿಗ್ರಿ ಹಿಂದೆ ನಿಲ್ಲುವಂಗ ನೋಡಿಕೊಂಡು, ಉಳಿದದ್ದನ್ನ ಬ್ರೇಕ್ ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿ ಮಾಡ್ರಿ. ವೈಸ್‌ನಲ್ಲಿ ಹಿಡಿಯೂದು ಬ್ಯಾರಲ್, ಆಕ್ಷನ್ (ಬೋಲ್ಟ್ ಕೂಡೂ ಭಾಗ) ಅಲ್ಲ.

ಮುಂದೆ ಸೈಲೆನ್ಸರ್ ಹಾಕೋದಿದ್ರೆ ಕ್ರಷ್ ವಾಷರ್ ಬೇಡ, ಅದು ಒಂದು ಕಡೆ ಹೆಚ್ಚು ಜಜ್ಜಿಕೊಂಡು ಓರೆ ಮಾಡತೈತಿ. ಥ್ರೆಡ್‌ಗೆ ರಾಕ್‌ಸೆಟ್ ಅಂಟು ಹಚ್ಚಿದರ ಬಿಸಿಗೆ ಬಿಡೂದಿಲ್ಲ, ತೆಗೀಬೇಕಂದ್ರ ನೀರಾಗ ಒಂದು ದಿನ ನೆನೆಸಿದರ ಸಾಕು. ಕೆಂಪು ಲಾಕ್‌ಟೈಟ್ ಅಂಟು ಬ್ಯಾರಲ್ ಕಾದಾಗ ಮೆತ್ತಗಾಗತೈತಿ.

ಉತ್ತರ: ಊರಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ ಬಂದೂಕಿನ ರಿಪೇರಿ, ಮಾರ್ಪಾಡಿಗೂ 1959ರ ಆಯುಧ ಕಾಯ್ದೆಯಡಿ ಲೈಸೆನ್ಸ್ ಬೇಕು. ಪಕ್ಕದ ಲೇತ್ ಅಂಗಡಿಗೆ ಬ್ಯಾರಲ್ ಒಯ್ಯಬೇಡಿ. ಅಮೆರಿಕದಲ್ಲೂ ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಸೆಮಿ-ಆಟೋಮ್ಯಾಟಿಕ್ ರೈಫಲ್‌ನ ಥ್ರೆಡ್ ಬ್ಯಾರಲ್‌ಗೆ ನಿರ್ಬಂಧ ಇದೆ, ಟೆಕ್ಸಾಸ್ ಬಿಟ್ಟು ಅಲ್ಲಿಗೆ ಮನೆ ಬದಲಿಸೋ ಮುಂಚೆ ನಿಯಮ ಓದಿಕೊಳ್ಳಿ.