ಆಟಿಯ ಮಳೆ, ಹೋಗಿ ಬರುವ ಕರೆಂಟು, ಫ್ರಿಜ್ಜಿನಲ್ಲಿ 18 ರೋಲು

ಬದಿಯಡ್ಕದವ:
ಭಾವ ಸ್ಟುಡಿಯೋ ಮುಚ್ಚುವಾಗ 18 ರೋಲು ಫಿಲ್ಮ್ ಕೊಟ್ಟರು. 12 ಕಲರ್, ಉಳಿದದ್ದು ಕಪ್ಪು-ಬಿಳುಪು. ಎಲ್ಲದರ ತಾರೀಕು 2008ಕ್ಕೇ ಮುಗಿದಿದೆ. ಫ್ರಿಜ್ಜಿನಲ್ಲಿಟ್ಟೆ. ಅಮ್ಮ ಮೊದಲು ಗೊಣಗಿದರು, ಈಗ ಹಲಸಿನ ಬೇಳೆಯ ಜೊತೆ ಅವನ್ನೂ ಜೋಪಾನ ಮಾಡುತ್ತಾರೆ.

ಹೋದ ಮಳೆಗಾಲ, ಆಟಿ ತಿಂಗಳಲ್ಲಿ ಒಂದು ರೋಲು ತೆಗೆದು ನೇರ ಕ್ಯಾಮೆರಾಕ್ಕೆ ಹಾಕಿ ಅನಂತಪುರ ಕೆರೆಯ ಹತ್ತಿರ ಫೋಟೋ ಹೊಡೆದೆ. ತೊಳೆಸಿದರೆ ಆಕಾಶದ ತುಂಬ ಚುಕ್ಕೆ. ಫಿಲ್ಮೇ ಹಾಳಾ, ತಪ್ಪು ನನ್ನದಾ? ಉಳಿದದ್ದನ್ನು ಫ್ರೀಜರಿಗೆ ಹಾಕಲೇ? ನಮ್ಮಲ್ಲಿ ಗಾಳಿಮಳೆಗೆ ಕರೆಂಟು ಹೋದರೆ ಕೆಲವೊಮ್ಮೆ ಮರುದಿನವೇ ಬರುವುದು.

ಪೆರ್ಲದ ಹಳೇ ಸ್ಟುಡಿಯೋದವ:
ತಪ್ಪು ನಿಮ್ಮದೇ ಮಾರಾಯ್ರೆ. ನಾನೂ ಮಾಡಿದ್ದೇನೆ, ಅದೂ ಒಂದು ಮದುವೆಯ ರೋಲಿನಲ್ಲಿ. ಧಾರೆಯ ಹೊತ್ತಿನ ಫೋಟೋ ಒಂದೂ ಸರಿ ಬರಲಿಲ್ಲ. ಆ ಮನೆಯವರು ಇವತ್ತಿಗೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ.

ಫ್ರಿಜ್ಜಿನಿಂದ ತೆಗೆದ ಮಜ್ಜಿಗೆ ಚೆಂಬು ಬೆವರುತ್ತದಲ್ಲ, ಫಿಲ್ಮಿಗೂ ಅದೇ ಆಗುವುದು. ಅದರ ಮೇಲಿನ ಜೆಲಟಿನ್ ನೀರು ಕುಡಿದರೆ ಕಲೆ ಖಂಡಿತ. ಡಬ್ಬಿಯ ಮುಚ್ಚಳ ತೆಗೆಯದೆ ಮೇಜಿನ ಮೇಲಿಡಿ. ಫ್ರಿಜ್ಜಿನದ್ದಾದರೆ ಎರಡು ಗಂಟೆ. ಫ್ರೀಜರಿನದ್ದನ್ನು ನಾನು ಹಿಂದಿನ ರಾತ್ರಿಯೇ ತೆಗೆದಿಡುತ್ತಿದ್ದೆ.

ವರ್ಷಗಟ್ಟಲೆ ಇಡುವುದಿದ್ದರೆ ಮೈನಸ್ 18 ಡಿಗ್ರಿಯ ಫ್ರೀಜರೇ ಒಳ್ಳೆಯದು. ಕರೆಂಟು ಹೋದರೂ ಮುಚ್ಚಿದ ಡಬ್ಬಿಯ ಫಿಲ್ಮಿಗೆ ದೊಡ್ಡ ತೊಂದರೆ ಇಲ್ಲ, ಐಸ್ ಕರಗಿದ ನೀರಿಗೆ ಹೆದರಬೇಕು. ಜಿಪ್ ಕವರಿಗೆ ಹಾಕಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿಡಿ. ಈಗ ಅಲ್ಲ, ಜನವರಿಯಲ್ಲಿ. ಆಟಿಯ ಗಾಳಿಯನ್ನು ಕವರಿನಲ್ಲಿ ಕಟ್ಟಿದರೆ ನೀರನ್ನೂ ಜೊತೆಗೇ ಕಟ್ಟಿದ ಹಾಗೆ.

ಊಟಿಯಿಂದ:
ನಮ್ಮಪ್ಪನ ಬೀರುವಿನಲ್ಲಿ 'ಇಂದು' ಬ್ರಾಂಡಿನ ಎರಡು ರೋಲು ಇದ್ದವು, ಇಲ್ಲಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನಲ್ಲೇ ಮಾಡಿದ್ದು. ನಮ್ಮ ಊರೇ ಫ್ರಿಜ್ಜಿನ ಹಾಗೆ, ಆದರೂ ಒಂದನ್ನು ತೊಳೆದರೆ ಬರೀ ಬೂದಿ ಮಸುಕು. ಸುತ್ತಲಿನ ವಿಕಿರಣ ನಿಧಾನಕ್ಕೆ ಫಿಲ್ಮನ್ನು ಮಬ್ಬು ಮಾಡುತ್ತದೆ, ಅದನ್ನು ಚಳಿ ತಡೆಯುವುದಿಲ್ಲ. ಐಎಸ್‌ಒ 3200ರಂಥ ವೇಗದ, ಅಂದರೆ ಸ್ವಲ್ಪ ಬೆಳಕೇ ಸಾಕಾಗುವ ಫಿಲ್ಮಿಗೆ ಈ ಕಾಟ ಜಾಸ್ತಿ.

ಅದಿರಲಿ, ಭಾವ ಆ ರೋಲುಗಳನ್ನು ಇಷ್ಟು ವರ್ಷ ಎಲ್ಲಿಟ್ಟಿದ್ದರು? ಅದು ಮುಖ್ಯ. ಹೊರಗೇ ಇಟ್ಟಿದ್ದರೆ ಕಲರ್ ಫಿಲ್ಮಿಗೆ ಹತ್ತು ವರ್ಷಕ್ಕೆ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡು ಪಟ್ಟು ಬೆಳಕು ಕೊಡಿ. ನಿಮ್ಮದಕ್ಕೆ ಎರಡು ಸ್ಟಾಪ್ ಲೆಕ್ಕ ಹಿಡಿದು, ಐಎಸ್‌ಒ 200ರದ್ದನ್ನು ಕ್ಯಾಮೆರಾದಲ್ಲಿ 50 ಅಂತ ಇಟ್ಟು ಹೊಡೆಯಿರಿ. ಬಣ್ಣದ ಮೂರು ಪದರವೂ ಒಂದೇ ವೇಗದಲ್ಲಿ ಮುದಿಯಾಗುವುದಿಲ್ಲ, ಹಾಗಾಗಿ ಬಣ್ಣ ಒಂದು ಕಡೆಗೆ ವಾಲಬಹುದು.

ಬದಿಯಡ್ಕದವ:
ಭಾವನಿಗೆ ಫೋನ್ ಮಾಡಿದೆ. ಗಾಜಿನ ಶೋಕೇಸಿನಲ್ಲಂತೆ, ಮಧ್ಯಾಹ್ನದ ಬಿಸಿಲು ಬೀಳುವ ಕಡೆ! ಸರಿ, 50ಕ್ಕೇ ಒಂದು ರೋಲು ಹೊಡೆದು ನೋಡುವ ಅಂತ ಬೆಳಿಗ್ಗೆ ಏಳಕ್ಕೇ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಒಂಬತ್ತಕ್ಕೆ ಬಂದು ನೋಡಿದರೆ ಇಲ್ಲ. ನಾನು ಮರೆತು ಹೊರಗಿಟ್ಟಿದ್ದೇನೆ ಅಂತ ಅಮ್ಮ ವಾಪಸ್ ಫ್ರಿಜ್ಜಿಗೆ ಹಾಕಿದ್ದಾರೆ.