ಪದಚರ್ಚೆ: ‘ಅನುಮಾನಾಸ್ಪದ ವ್ಯಕ್ತಿ’ಯೋ, ‘ವಾಡಿಕೆ ಮೀರಿದ ವರ್ತನೆ’ಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಬಸ್ ನಿಲ್ದಾಣದಲ್ಲಿ ಕಾವಲಿಗಿರುವ ಭದ್ರತಾ ಸಿಬ್ಬಂದಿಗೆ ಕನ್ನಡದಲ್ಲಿ ತರಬೇತಿ ಟಿಪ್ಪಣಿ ಬರೆದುಕೊಡುವ ಕೆಲಸ ಕೈಯಲ್ಲಿದೆ. ಮೂಲ ಇಂಗ್ಲಿಷಿನದು, ವಿಷಯ ‘ಬಿಹೇವಿಯರ್ ಡಿಟೆಕ್ಷನ್’. ಪ್ರಯಾಣಿಕರ ನಡೆ ಗಮನಿಸಿ ಯಾರನ್ನು ಮಾತನಾಡಿಸಬೇಕು, ಯಾರ ಲಗೇಜು ಇನ್ನೊಮ್ಮೆ ನೋಡಬೇಕು ಎಂದು ತೀರ್ಮಾನಿಸುವ ವಿದ್ಯೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ನೆರವು ಬೇಕಾಗಿದೆ. ಮೊದಲನೆಯದು ಎಲ್ಲರ ಬಾಯಲ್ಲೂ ಇರುವ ‘ಅನುಮಾನಾಸ್ಪದ’.

ಪತ್ರಿಕೆ ತೆರೆದರೆ ಸಾವೂ ಅನುಮಾನಾಸ್ಪದ, ಬ್ಯಾಗೂ ಅನುಮಾನಾಸ್ಪದ, ವ್ಯಕ್ತಿಯೂ ಅನುಮಾನಾಸ್ಪದ. ಆಸ್ಪದ ಎಂದರೆ ಎಡೆ, ನೆಲೆ. ಅನುಮಾನಕ್ಕೆ ಎಡೆ ಮಾಡಿಕೊಡುವಂಥದ್ದು ಎಂದು ಅರ್ಥ. ವಸ್ತುವಿಗೆ ಈ ಪದ ಚೆನ್ನಾಗಿ ಹೊಂದುತ್ತದೆ. 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಬ್ಯಾಗೊಂದು ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಸಿಬ್ಬಂದಿಯ ಕಣ್ಣಿಗೆ ಬಿತ್ತು. ಒಳಗೆ ಸ್ಫೋಟಕ ಇತ್ತು, ಅದನ್ನು ಕೆಂಜಾರಿನ ಬಯಲಿಗೆ ಒಯ್ದು ನಿಷ್ಕ್ರಿಯಗೊಳಿಸಿದರು. ಅದನ್ನು ಅನುಮಾನಾಸ್ಪದ ಬ್ಯಾಗ್ ಎಂದು ಬರೆದದ್ದು ಸರಿಯೇ. ಬ್ಯಾಗನ್ನು ಬಿಚ್ಚಿ ನೋಡಿ ಬಟ್ಟೆಬರೆ ಮಾತ್ರ ಇದ್ದರೆ ಆ ವಿಶೇಷಣ ಅಲ್ಲಿಗೇ ಕಳಚಿಕೊಳ್ಳುತ್ತದೆ, ಬ್ಯಾಗಿಗೆ ಏನೂ ನಷ್ಟವಿಲ್ಲ. ಮನುಷ್ಯನಿಗೆ ಅಂಟಿದ್ದು ಹಾಗೆ ಹೋಗುವುದಿಲ್ಲ. ನಾಲ್ಕು ಜನರೆದುರು ಬದಿಗೆ ಕರೆದು ನಿಲ್ಲಿಸಿದವನನ್ನು ‘ಏನಿಲ್ಲ, ಹೋಗಿ’ ಎಂದು ಬಿಟ್ಟರೂ ಸುತ್ತಲಿನವರ ಕಣ್ಣು ಅವನ ಬೆನ್ನ ಮೇಲೆಯೇ ಇರುತ್ತದೆ.

ಈ ಪದಕ್ಕೆ ಕಾನೂನಿನ ಭಾರವೂ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 109ನೇ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 128ನೇ ಕಲಮು, ಎರಡೂ ಶಂಕಿತ ವ್ಯಕ್ತಿಗಳಿಂದ ಸನ್ನಡತೆಯ ಮುಚ್ಚಳಿಕೆ ಪಡೆಯುವ ಬಗ್ಗೆ ಇವೆ. ‘ತನ್ನ ಇರುವಿಕೆಯನ್ನು ಮರೆಮಾಚುತ್ತಿದ್ದ’, ‘ಸಮರ್ಪಕ ಉತ್ತರ ನೀಡದೆ ತಡವರಿಸಿದ’ ಎಂಬ ಠಾಣೆಯ ಒಕ್ಕಣೆ ನಮಗೆಲ್ಲ ಪರಿಚಿತ. ನಿಲ್ದಾಣದ ಕಾವಲಿನವರಿಗೆ ಆ ಅಧಿಕಾರವಿಲ್ಲ. ಅಧಿಕಾರವಿಲ್ಲದವರ ಬಾಯಿಗೆ ಆ ಭಾಷೆ ಕೊಡುವುದು ತಪ್ಪೆಂದು ನನ್ನ ಗಟ್ಟಿ ಅಭಿಪ್ರಾಯ.

ಬದಲಿಗೆ ಯಾವುದು? ‘ಗುಮಾನಿ’ ಠಾಣೆಯದೇ ಮಾತು. ‘ಶಂಕಿತ’ ಎಂದರೆ ಓದುಗನ ಮನಸ್ಸು ತಾನಾಗಿ ‘ಉಗ್ರ’ ಎಂದು ಸೇರಿಸಿಕೊಳ್ಳುತ್ತದೆ. ‘ಸಂದೇಹ’ ಪಾಠಕ್ಕೋ ಲೆಕ್ಕಕ್ಕೋ ಸಂಬಂಧಿಸಿದ್ದು, ಮನುಷ್ಯರ ಮೇಲೆ ಪಡುವುದು ಕಡಿಮೆ. ಸಿಬ್ಬಂದಿ ದಿನವೂ ಬಳಸುವುದು ‘ಡೌಟು’. ‘ಡೌಟ್ ಬಂತು ಸಾರ್, ಅದಕ್ಕೆ ನಿಲ್ಸಿದೆ.’ ಈ ಡೌಟು ನನಗೆ ಹಿಡಿಸುವುದಕ್ಕೆ ಒಂದು ಕಾರಣವಿದೆ: ಅದು ಬರುವುದು ನೋಡುವವನಿಗೆ. ನಿಂತವನು ಡೌಟಾಗಿ ನಿಂತಿಲ್ಲ.

ಇನ್ನು ‘ಅನುಮಾನ’. ಹಿಂದಿಯಲ್ಲಿ ಇದಕ್ಕೆ ಅಂದಾಜು ಎಂಬ ಅರ್ಥ, ತೆಲುಗಿನಲ್ಲಿ ನಮ್ಮಂತೆಯೇ ಸಂಶಯ. ಶಾಸ್ತ್ರದಲ್ಲಿ ಇವೆರಡೂ ಅಲ್ಲ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿ ಇದೆ ಎಂದು ತಿಳಿಯುವುದು ನ್ಯಾಯದರ್ಶನದ ಅನುಮಾನ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆಂಬ ವ್ಯಾಪ್ತಿ ಖಚಿತವಾಗಿದ್ದರೆ ಮಾತ್ರ ಅದು ಪ್ರಮಾಣ, ಅಂದರೆ ನಂಬಬಹುದಾದ ತಿಳಿವಿನ ದಾರಿ. ‘ಸಾಧ್ಯ’ (ತಿಳಿಯಬೇಕಾದದ್ದು, ಇಲ್ಲಿ ಬೆಂಕಿ) ಇಲ್ಲದ ಕಡೆಯೂ ಕಾಣಿಸಿಕೊಳ್ಳುವ ‘ಹೇತು’ವನ್ನು (ತಿಳಿಸುವ ಗುರುತನ್ನು) ‘ಸವ್ಯಭಿಚಾರ’ ಎಂದು ಕರೆದು ಹೇತ್ವಾಭಾಸಗಳಲ್ಲಿ, ಅಂದರೆ ಹುಸಿ ಹೇತುಗಳಲ್ಲಿ, ಸೇರಿಸಿದ್ದಾರೆ. ಬೆವರು, ನಡುಗುವ ಕೈ, ಕಣ್ಣು ತಪ್ಪಿಸುವುದು ಇವೆಲ್ಲ ಸವ್ಯಭಿಚಾರ ಹೇತುಗಳೇ. ಸ್ಫೋಟಕ ಹೊತ್ತವನೂ ಬೆವರಬಹುದು, ಮೊದಲ ಬಾರಿ ವಿಮಾನ ಹತ್ತುವ ಅಜ್ಜಿಯೂ ಬೆವರುತ್ತಾಳೆ.

ಅಮೆರಿಕ ಈ ತೊಡಕಿಗೆ ದೊಡ್ಡ ಬೆಲೆ ತೆತ್ತಿದೆ. ಅಲ್ಲಿನ ಸಾರಿಗೆ ಭದ್ರತಾ ಆಡಳಿತವಾದ ಟಿಎಸ್‌ಎ, 2007ರಿಂದ ‘ಸ್ಪಾಟ್’ ಎಂಬ ಕಾರ್ಯಕ್ರಮದಡಿ ಸಾವಿರಾರು ಅಧಿಕಾರಿಗಳನ್ನು ಇದೇ ಕೆಲಸಕ್ಕೆ ತರಬೇತು ಮಾಡಿ ವಿಮಾನ ನಿಲ್ದಾಣಗಳಲ್ಲಿ ನಿಲ್ಲಿಸಿತು. ಅವರ ಕೈಯಲ್ಲಿ 90ಕ್ಕೂ ಹೆಚ್ಚು ಅಂಶಗಳ ಪಟ್ಟಿ, ಪ್ರತಿ ಅಂಶಕ್ಕೂ ಅಂಕ. 2015ರಲ್ಲಿ ಆ ಪಟ್ಟಿ ಬಯಲಾಯಿತು. ಅತಿಯಾಗಿ ಆಕಳಿಸುವುದು, ಪದೇ ಪದೇ ಗಂಟಲು ಸರಿಮಾಡಿಕೊಳ್ಳುವುದು, ತಪಾಸಣೆಯ ಕಡೆ ಬರುತ್ತಾ ಸಿಳ್ಳೆ ಹಾಕುವುದು ಎಲ್ಲ ಅದರಲ್ಲಿದ್ದವು. 55 ದಾಟಿದ ಗಂಡ ಹೆಂಡಿರಂತೆ ಕಂಡರೆ ಅಂಕ ಕಳೆಯಬೇಕು ಎಂದೂ ಇತ್ತು. ಇದನ್ನು ಗಮನಿಸಿ: ಆಕಳಿಕೆ ಒಂದು ಕ್ರಿಯೆ, ವಯಸ್ಸು ಕ್ರಿಯೆಯಲ್ಲ. ವರ್ತನೆ ನೋಡುತ್ತೇವೆಂದು ಹೊರಟ ಪಟ್ಟಿ ಸದ್ದಿಲ್ಲದೆ ವ್ಯಕ್ತಿಯನ್ನು ಅಳೆಯತೊಡಗಿತ್ತು. 2013ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯ ವರದಿ ಬಂತು. ಆ ಹೊತ್ತಿಗೆ ಸುಮಾರು 90 ಕೋಟಿ ಡಾಲರ್ ಖರ್ಚಾಗಿತ್ತು. 60 ವರ್ಷಗಳ 400ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಹಾಕಿದ ವಿಶ್ಲೇಷಣೆಗಳ ಪ್ರಕಾರ, ನಡೆನುಡಿ ನೋಡಿ ಸುಳ್ಳುಗಾರನನ್ನು ಗುರುತಿಸುವ ಮನುಷ್ಯರ ಶಕ್ತಿ ನಾಣ್ಯ ಚಿಮ್ಮಿ ಹೇಳುವುದಕ್ಕೆ ಸಮ, ಇಲ್ಲವೇ ತುಸು ಮೇಲು ಎಂದು ಅದು ಹೇಳಿತು. ಆಮೇಲೆ ಪಟ್ಟಿಯನ್ನು 36 ಸೂಚಕಗಳಿಗೆ ಇಳಿಸಿದರು. ಅವುಗಳಲ್ಲಿ 28ಕ್ಕೆ ಆಧಾರವೇ ಇಲ್ಲ ಎಂದು ಅದೇ ಸಂಸ್ಥೆಯ 2017ರ ವರದಿ ತಿಳಿಸಿತು.

ಹಾಗೆಂದು ವಿದ್ಯೆಯನ್ನೇ ಬಿಸಾಡಬೇಕಿಲ್ಲ. 2020ರ ಫೆಬ್ರವರಿಯಲ್ಲಿ ದೆಹಲಿ ವಿಮಾನ ನಿಲ್ದಾಣದಲ್ಲಿ ದುಬೈಗೆ ಹೊರಟಿದ್ದ ಪ್ರಯಾಣಿಕನೊಬ್ಬನನ್ನು ಸಿಐಎಸ್‌ಎಫ್ ನಿಲ್ಲಿಸಿದಾಗ, ಕಡಲೆಕಾಯಿ ಸಿಪ್ಪೆಯೊಳಗೆ, ಬಿಸ್ಕತ್ತಿನ ಪೊಟ್ಟಣದಲ್ಲಿ ಸುತ್ತಿಟ್ಟ ಸುಮಾರು 45 ಲಕ್ಷ ರೂಪಾಯಿ ಮೌಲ್ಯದ ವಿದೇಶಿ ನೋಟು ಸಿಕ್ಕಿತ್ತು. ಕಣ್ಣಿಟ್ಟು ನೋಡುವುದಕ್ಕೆ ಬೆಲೆ ಇದೆ. ನೋಡಿದ್ದನ್ನು ಯಾವ ಮಾತಿನಲ್ಲಿ ಹೇಳಬೇಕು ಎಂಬಲ್ಲಿ ನನ್ನ ಚರ್ಚೆ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 17ನೇ ಅನುಬಂಧ ಈ ವಿದ್ಯೆಗೆ ಕೊಡುವ ವ್ಯಾಖ್ಯೆಯಲ್ಲಿ ‘ಸಸ್ಪಿಷಸ್’ ಇಲ್ಲ, ‘ಅನಾಮಲಸ್’ ಎಂದಿದೆ. ಅಂದರೆ ಎಂದಿನಂತಲ್ಲದ ನಡೆ. ನಮ್ಮಲ್ಲಿ ಇದಕ್ಕೆ ತುಂಬ ಹಳೆಯ ಪದವೊಂದಿದೆ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿ, ಮಂತ್ರಾಲೋಚನೆಯ ಗುಟ್ಟು ಹೇಗೆ ಹೊರಬೀಳುತ್ತದೆ ಎನ್ನುವಲ್ಲಿ, ‘ಇಂಗಿತಮನ್ಯಥಾವೃತ್ತಿಃ’ ಎಂದಿದೆ. ಎಂದಿಗಿಂತ ಬೇರೆಯಾದ ವರ್ತನೆಯೇ ಇಂಗಿತ. ಜೊತೆಗೇ ‘ಆಕಾರ’ವನ್ನು, ಅಂದರೆ ಮುಖಭಾವವನ್ನು, ಬೇರೆಯಾಗಿ ಹೇಳಿದೆ. ಇಷ್ಟು ಚೊಕ್ಕವಾದ ವ್ಯಾಖ್ಯೆ ಇಂಗ್ಲಿಷ್ ಕೈಪಿಡಿಯಲ್ಲಿ ನನಗೆ ಸಿಗಲಿಲ್ಲ. ಬಳಸೋಣವೆಂದರೆ ಇವತ್ತಿನ ಕನ್ನಡದಲ್ಲಿ ಇಂಗಿತಕ್ಕೆ ಬೇರೆ ಅರ್ಥ ನೆಲೆಗೊಂಡಿದೆ. ‘ಸಚಿವರು ರಾಜೀನಾಮೆಯ ಇಂಗಿತ ವ್ಯಕ್ತಪಡಿಸಿದರು’ ಎಂದರೆ ಮನಸ್ಸಿನ ಇಚ್ಛೆ. ಹೊರಗೆ ಕಾಣುವ ನಡೆಯನ್ನು ಹೇಳುತ್ತಿದ್ದ ಪದ ಒಳಗಿನ ಉದ್ದೇಶವನ್ನು ಹೇಳುವಂತಾಗಿದೆ. ‘ಪ್ರಯಾಣಿಕರ ಇಂಗಿತ ಗಮನಿಸಿ’ ಎಂದು ಬರೆದರೆ ಸಿಬ್ಬಂದಿ ಮನಸ್ಸು ಓದಲು ಹೊರಡುತ್ತಾರೆ. ಸ್ಪಾಟ್ ಎಡವಿದ್ದೂ ಅಲ್ಲಿಯೇ. ಹಾಗಾಗಿ ಮನಸ್ಸಿಲ್ಲದ ಮನಸ್ಸಿನಿಂದ ಈ ಪದವನ್ನು ಕೈಬಿಟ್ಟಿದ್ದೇನೆ. ಯಾರಾದರೂ ಉಳಿಸಿಕೊಳ್ಳುವ ದಾರಿ ತೋರಿಸಿದರೆ ಸಂತೋಷ.

ಈಗ ‘ಬೇಸ್‌ಲೈನ್’. ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಜನ ಸಾಮಾನ್ಯವಾಗಿ ಹೇಗಿರುತ್ತಾರೆ ಎಂಬ ತಿಳಿವಳಿಕೆ. ಇದಿಲ್ಲದೆ ತರಬೇತಿಯೇ ಇಲ್ಲ. ‘ಆಧಾರರೇಖೆ’ ಎಂಬ ಪದ ಜ್ಯಾಮಿತಿಯ ಪುಸ್ತಕದಿಂದ ಎದ್ದು ಬಂದಂತಿದೆ. ನನ್ನ ಸಲಹೆ ‘ವಾಡಿಕೆ’. ಹವಾಮಾನ ವರದಿಯಲ್ಲಿ ‘ವಾಡಿಕೆ ಮಳೆ’ ಎಂದು ಓದುತ್ತೇವಲ್ಲ, ಅದೇ ಅರ್ಥದಲ್ಲಿ. ಆಗುಂಬೆಯ ವಾಡಿಕೆ ಬೇರೆ, ಚಳ್ಳಕೆರೆಯದು ಬೇರೆ; ಜುಲೈನದು ಬೇರೆ, ಜನವರಿಯದು ಬೇರೆ. ಆಗುಂಬೆಯಲ್ಲಿ ಯಾರೂ ತಲೆ ಎತ್ತಿ ನೋಡದಷ್ಟು ಮಳೆ ಚಳ್ಳಕೆರೆಯಲ್ಲಿ ಬಂದರೆ ಪತ್ರಿಕೆಯ ಮುಖಪುಟ. ದೀಪಾವಳಿಯ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಎಲ್ಲರೂ ಚಡಪಡಿಸುತ್ತಿರುತ್ತಾರೆ, ಎಲ್ಲರೂ ಓಡುತ್ತಿರುತ್ತಾರೆ. ಅಂದು ಅದೇ ವಾಡಿಕೆ. ಮಧ್ಯಾಹ್ನ ಮೂರಕ್ಕೆ ಖಾಲಿ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಹಾಗೆ ಓಡಿದರೆ ತಿರುಗಿ ನೋಡಬೇಕು. ವಿಮಾನ ನಿಲ್ದಾಣದ ನಿರ್ಗಮನ ದ್ವಾರದ ಹೊರಗೆ ಕಣ್ಣೊರೆಸಿಕೊಳ್ಳುತ್ತಾ ತಾಸುಗಟ್ಟಲೆ ನಿಲ್ಲುವುದು ವಾಡಿಕೆ. ತಪಾಸಣೆಯ ಸಾಲಿಗೆ ಬಂದು ಹಿಂದೆ ಸರಿದು ಮತ್ತೆ ಬರುವುದು ಅಲ್ಲ. ಹಾಗಾಗಿ ‘ಅನಾಮಲಸ್ ಬಿಹೇವಿಯರ್’ಗೆ ‘ವಾಡಿಕೆ ಮೀರಿದ ವರ್ತನೆ’ ಎಂದು ಬರೆದಿದ್ದೇನೆ. ‘ಅಸಹಜ’ ಬೇಡವೆನ್ನಿಸಿತು, ಅದರಲ್ಲಿ ರೋಗದ ವಾಸನೆ ಇದೆ.

‘ವರ್ತನೆ’ ಎಂದೇ ಏಕೆ ಎಂದರೆ, ‘ನಡತೆ’ ಶಾಲೆಯ ನಡತೆ ಪ್ರಮಾಣಪತ್ರಕ್ಕೂ ಜೈಲಿನ ಸನ್ನಡತೆಗೂ ಸೇರಿದ್ದು, ಅದು ಗುಣದ ಮಾತು. ‘ನಡವಳಿಕೆ’ಯಲ್ಲೂ ಸ್ವಲ್ಪ ಅದೇ ಇದೆ. ‘ಚಲನವಲನ’ ಚೆನ್ನಾಗಿದೆ, ಆದರೆ ‘ಚಲನವಲನಗಳ ಮೇಲೆ ನಿಗಾ’ ಎಂದಾಗ ಮೊದಲೇ ಗುರುತಿಸಿದ ಒಬ್ಬನನ್ನು ಬೆನ್ನುಹತ್ತಿದ ಭಾವ ಬರುತ್ತದೆ.

ಇದರ ಎದುರು ನಿಲ್ಲುವ ಪದ ‘ಚಹರೆ’. ಕಾಣೆಯಾದವರ ಪ್ರಕಟಣೆಯಲ್ಲಿ ‘ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು’ ಎಂದು ಬರುತ್ತದಲ್ಲ, ಅದು ಚಹರೆ. ‘ಪ್ರೊಫೈಲಿಂಗ್’ ಎಂಬುದನ್ನು ‘ಚಹರೆ ನೋಡಿ ನಿಲ್ಲಿಸುವುದು’ ಎಂದು ಬಿಡಿಸಿ ಬರೆದೆ, ತರಗತಿಯಲ್ಲಿ ತಕ್ಷಣ ಅರ್ಥವಾಯಿತು. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ, ಟಿಕೆಟ್ ಇದ್ದರೂ ಬಟ್ಟೆ ಕೊಳೆಯಾಗಿದೆ ಎಂದು ರೈತರೊಬ್ಬರನ್ನು ತಡೆದದ್ದು ನಿಮಗೆ ನೆನಪಿರಬಹುದು. ಸಹಪ್ರಯಾಣಿಕರು ಅವರ ಪರ ನಿಂತರು, ಮೇಲ್ವಿಚಾರಕರೊಬ್ಬರನ್ನು ಮೆಟ್ರೊ ನಿಗಮ ಕೆಲಸದಿಂದ ತೆಗೆಯಿತು. ಆ ರೈತರು ಮಾಡಿದ್ದೇನು ಎಂದು ಕೇಳಿದರೆ ಉತ್ತರಕ್ಕೆ ಒಂದು ಕ್ರಿಯಾಪದವೂ ಸಿಗುವುದಿಲ್ಲ. ಸಾಲಿನಲ್ಲಿ ಬಂದಿದ್ದರು, ಅಷ್ಟೆ.

ಅದಕ್ಕೇ ತರಗತಿಯಲ್ಲಿ ಒಂದು ಅಭ್ಯಾಸ ಇಟ್ಟುಕೊಂಡಿದ್ದೇವೆ: ವಿಶೇಷಣವಿಲ್ಲದೆ, ಬರೀ ಕ್ರಿಯಾಪದಗಳಲ್ಲಿ ಬರೆಯಬೇಕು. ಮೊದಲು ಒಬ್ಬರು ‘ಡೌಟ್ ಇರೋ ಆಸಾಮಿ, ಗಡ್ಡ, ಮಾಸಿದ ಶರಟು’ ಎಂದು ಬರೆದಿದ್ದರು. ಅದೇ ಬೆಂಚಿನಲ್ಲಿ ಕೂತ ಅದೇ ಮನುಷ್ಯನ ಬಗ್ಗೆ ಮಹಿಳಾ ಸಿಬ್ಬಂದಿಯೊಬ್ಬರು ಬರೆದದ್ದು ಹೀಗಿದೆ: ‘ಮೂರು ಬಸ್ ಹೋದವು, ಹತ್ತಲಿಲ್ಲ. ಒಂದರ ಬೋರ್ಡೂ ನೋಡಲಿಲ್ಲ. ಚೀಲವನ್ನು ಕಾಲಿಂದ ಬೆಂಚಿನ ಕೆಳಕ್ಕೆ ತಳ್ಳಿದ. ಎದ್ದ, ಗೇಟಿನವರೆಗೆ ಹೋದ, ವಾಪಸ್ ಬಂದ.’ ಆಕೆ ಹತ್ತಿರ ಹೋಗಿ ‘ಎಲ್ಲಿಗಣ್ಣ ಹೋಗ್ಬೇಕು?’ ಎಂದು ಕೇಳಿದರಂತೆ. ‘ನಾನೆಲ್ಲೂ ಹೋಗಲ್ಲ ಕಣಮ್ಮ, ತಂಗಿ ಬರ್ತಾಳೆ, ಅವಳಿಗೆ ಕೊಡಬೇಕು’ ಎಂದು ಚೀಲ ಎಳೆದು ಬಿಚ್ಚಿ ತೋರಿಸಿದ, ಹುರುಳಿಕಾಳು. ಎರಡನೆಯ ಬರಹದಲ್ಲಿ ಮೊದಲನೆಯದಕ್ಕಿಂತ ಎಷ್ಟೋ ಹೆಚ್ಚು ಮಾಹಿತಿ ಇದೆ, ಯಾರ ಮಾನವೂ ಹೋಗಿಲ್ಲ.

ಕೇಳುವುದಕ್ಕೆ ಎಷ್ಟು ಬಲವಿದೆ ಎನ್ನುವುದಕ್ಕೆ 1986ರ ಏಪ್ರಿಲ್ 17ರ ಘಟನೆಯನ್ನು ಪಾಠದಲ್ಲಿ ಸೇರಿಸಿದ್ದೇನೆ. ಲಂಡನ್ನಿನ ಹೀಥ್ರೊದಲ್ಲಿ ಇಸ್ರೇಲಿನ ಎಲ್ ಅಲ್ ವಿಮಾನ ಹತ್ತಲಿದ್ದ ಗರ್ಭಿಣಿಯೊಬ್ಬಳ ಚೀಲದ ತಳದಲ್ಲಿ ಆಕೆಯನ್ನು ಮದುವೆಯಾಗುತ್ತೇನೆಂದಿದ್ದವನು ಸ್ಫೋಟಕ ಅಡಗಿಸಿದ್ದ. ಆಕೆಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದವಳ ಮುಖದಲ್ಲಿ ಅಪರಾಧದ ಅಳುಕು ಎಲ್ಲಿಂದ ಬರಬೇಕು? ಎಕ್ಸ್‌ರೇ ದಾಟಿ ಬಂದಿದ್ದ ಚೀಲ ಅದು. ಭದ್ರತಾ ಸಿಬ್ಬಂದಿ ಕೇಳಿದ ಸಾಮಾನ್ಯ ಪ್ರಶ್ನೆಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ, ಚೀಲ ಖಾಲಿ ಮಾಡಿದರೂ ಭಾರವಿತ್ತು. 375 ಜನರ ಜೀವ ಉಳಿಯಿತು.

ಹೀಗೆ ಕೇಳುವುದಕ್ಕೆ ಕನ್ನಡದಲ್ಲಿ ಸೊಗಸಾದ ಪದವಿದೆ, ‘ವಿಚಾರಿಸು’. ಯೋಗಕ್ಷೇಮವನ್ನೂ ವಿಚಾರಿಸುತ್ತೇವೆ, ವಿಳಾಸವನ್ನೂ ವಿಚಾರಿಸುತ್ತೇವೆ. ಆದರೆ ನಾಮಪದ ಮಾಡಿ ‘ವಿಚಾರಣೆ’ ಎಂದೊಡನೆ ಅದು ಠಾಣೆಗೋ ಕೋರ್ಟಿಗೋ ಹೋಗಿಬಿಡುತ್ತದೆ. ಟಿಪ್ಪಣಿಯಲ್ಲಿ ‘ವಿಚಾರಿಸಿ’ ಎಂದು ಮಾತ್ರ ಇಟ್ಟು, ‘ವಿಚಾರಣೆ ನಡೆಸಿ’ ಎಂಬುದನ್ನು ಎಲ್ಲ ಕಡೆ ತೆಗೆದಿದ್ದೇನೆ.

ಕ್ರಿಯಾಪದಗಳಲ್ಲೂ ಇಂಥ ಸೂಕ್ಷ್ಮಗಳಿವೆ, ನಿಮ್ಮಿಂದ ಹೆಚ್ಚು ಬೇಕಾಗಿರುವುದು ಇವೇ. ‘ಚಡಪಡಿಸು’ ಯಾರೂ ಕೇಳದೆಯೂ ಆಗುವಂಥದ್ದು. ‘ತಬ್ಬಿಬ್ಬಾಗು’, ‘ಕಕ್ಕಾಬಿಕ್ಕಿಯಾಗು’ ಆಗಬೇಕಾದರೆ ಎದುರಿನಿಂದ ಪ್ರಶ್ನೆಯೋ ಅನಿರೀಕ್ಷಿತವಾದದ್ದೇನೋ ಬರಬೇಕು. ‘ತಡವರಿಸು’ ಮಾತಿಗೆ ಸೇರಿದ್ದು. ‘ಅಡ್ಡಾಡು’ವವನಿಗೆ ಗುರಿಯಿಲ್ಲ, ‘ಸುಳಿದಾಡು’ವವನಿಗೆ ಒಂದು ಕೇಂದ್ರವಿದೆ, ಅದರ ಸುತ್ತಲೇ ತಿರುಗುತ್ತಾನೆ, ಇಂಗ್ಲಿಷ್ ಕೈಪಿಡಿಯ ‘ಲಾಯ್ಟರಿಂಗ್’ ಇವೆರಡನ್ನೂ ಒಂದೇ ಮಾಡಿಬಿಡುತ್ತದೆ. ‘ಠಳಾಯಿಸು’ ಪತ್ರಿಕೆಗಳಲ್ಲಿ ಕಾಣುತ್ತದೆ, ನಮ್ಮ ಹಳೇ ಮೈಸೂರು ಕಡೆ ಮಾತಿನಲ್ಲಿ ಕೇಳಿಲ್ಲ. ಇದು ಸುಮ್ಮನೆ ಕಾಯುವುದೋ, ಹೊಂಚುವುದೋ?

ಕಲಬುರಗಿ, ಬೀದರ್, ಧಾರವಾಡ, ಕರಾವಳಿಯ ಕಡೆಯವರು ದಯವಿಟ್ಟು ತಿಳಿಸಿ: ಒಬ್ಬ ಹಿಂದೆ ಮುಂದೆ ನೋಡುತ್ತಾ ನಿಂತಿದ್ದರೆ, ಸಾಮಾನು ಇಟ್ಟು ದೂರ ಸರಿದರೆ, ಸಮವಸ್ತ್ರ ಕಂಡು ದಾರಿ ಬದಲಿಸಿದರೆ ನಿಮ್ಮಲ್ಲಿ ಯಾವ ಕ್ರಿಯಾಪದ ಬಳಸುತ್ತಾರೆ? ‘ಇಂಡಿಕೇಟರ್’ಗೆ ಸದ್ಯಕ್ಕೆ ‘ಕುರುಹು’ ಎಂದಿಟ್ಟಿದ್ದೇನೆ (‘ಲಕ್ಷಣ’ ಮೈಗೆ ಅಂಟಿದ್ದು, ‘ಸುಳಿವು’ ಅಪರಾಧ ನಡೆದ ಮೇಲಿನದು). ‘ಡಿಟೆಕ್ಷನ್’ಗೆ ‘ಪತ್ತೆ’ ಎಂದರೆ ಕಳವಿನ ಮಾಲು ಸಿಕ್ಕಿಯೇಬಿಟ್ಟಂತೆ ಆಗುತ್ತದೆ. ‘ವರ್ತನೆ ಗಮನಿಕೆ’ ಎನ್ನಬಹುದೇ? ಮುಂದಿನ ತಂಡದ ತರಬೇತಿ ಶುರುವಾಗುವ ಮುಂಚೆ ಟಿಪ್ಪಣಿ ಅಚ್ಚಿಗೆ ಹೋಗಬೇಕು, ಆದಷ್ಟು ಬೇಗ ಬರೆಯಿರಿ.