1969ರ ಕಮಾರೊ ಜೆಡ್28: ಗೇರ್‌ಬಾಕ್ಸ್ ಕಾರಿಗಿಂತ ಆಮೇಲಿನದಾ?

ಪ್ರಶ್ನೆ:
ನನ್ನದು ಷೆವರ್ಲೆಯ 1969ರ ಕಮಾರೊ ಜೆಡ್28, ಪೂರ್ತಿ ಬಿಚ್ಚಿದ್ದೇನೆ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಮೂರೂ ಮೂಲದ್ದೇ ಎಂದು ಮಾರಿದವರು ಹೇಳಿದ್ದರು. ಫೈರ್‌ವಾಲ್ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ಮೇಲಿನ ತಗಡಿನಲ್ಲಿ 07ಬಿ ಎಂದಿದೆ. ಎಂಜಿನ್ ಬ್ಲಾಕ್ ಹಿಂಭಾಗದಲ್ಲಿ ಎರಕದಲ್ಲೇ ಉಬ್ಬಿ ಬಂದ ಗುರುತು ಇ 20 9. ಬ್ಲಾಕ್ ಮುಂದಿನ ಪ್ಯಾಡ್ (ಚಪ್ಪಟೆ ಜಾಗ) ಮೇಲೆ ಪಂಚ್ ಮಾಡಿದ್ದು ವಿ0605ಡಿಜೆಡ್. ಇಲ್ಲಿವರೆಗೆ ಸರಿ ಕಾಣುತ್ತದೆ. ಆದರೆ ಮನ್ಸಿ ಕಾರ್ಖಾನೆಯ ನಾಲ್ಕು ಗೇರಿನ ಡಬ್ಬಿಯ (ಗೇರ್‌ಬಾಕ್ಸ್) ಮೇಲೆ ಪಿ9ಎಚ್12ಬಿ ಎಂದಿದೆ. ಎಚ್ ಎಂಟನೇ ಅಕ್ಷರ, ಅಂದರೆ ಆಗಸ್ಟ್ 12. ಕಾರು ಜುಲೈನದು. ಗೇರ್‌ಬಾಕ್ಸ್ ಯಾರೋ ಬದಲಾಯಿಸಿದ್ದಾರೆ ಅಲ್ವಾ? ಬೇರೆ ಹುಡುಕಲು ಶುರು ಮಾಡಲಾ?

ಉತ್ತರ:
ದಯವಿಟ್ಟು ಅದನ್ನು ಕೈಬಿಡಬೇಡಿ. ಅದು ಆಗಸ್ಟ್ ಅಲ್ಲ, ಜೂನ್ 12.

ಈ ಒಂದೇ ಕಾರಿನಲ್ಲಿ ತಿಂಗಳು ಬರೆಯುವ ರೀತಿ ನಾಲ್ಕಿವೆ. ಎರಕದ ತಾರೀಖಿನಲ್ಲಿ ಎ ಜನವರಿ, ಎಲ್ ಡಿಸೆಂಬರ್, ನಡುವೆ ಒಂದೂ ಬಿಡದೆ ಸಾಲಾಗಿ. ಹಾಗಾಗಿ ನಿಮ್ಮ ಬ್ಲಾಕ್ 1969ರ ಮೇ 20ರಂದು ಎರಕವಾಗಿದೆ. ಎಂಜಿನ್ ಜೋಡಿಸಿದ ದಿನ ಅಂಕಿಯಲ್ಲೇ ಇರುತ್ತದೆ: ವಿ ಅಂದರೆ ಫ್ಲಿಂಟ್ ಕಾರ್ಖಾನೆ, 0605 ಜೂನ್ 5, ಡಿಜೆಡ್ ಅಂದರೆ ಆ ವರ್ಷದ ಜೆಡ್28ರ 302 ಘನ ಇಂಚಿನ ಎಂಜಿನ್. ತಗಡಿನ 07ಬಿಯಲ್ಲಿ 07 ಜುಲೈ, ಬಿ ಎರಡನೇ ವಾರ. ಅಲ್ಲಿ ಅಕ್ಷರಕ್ಕೂ ತಿಂಗಳಿಗೂ ಸಂಬಂಧವೇ ಇಲ್ಲ.

ಮನ್ಸಿಯವರದು ಇನ್ನೊಂದೇ ಲೆಕ್ಕ. ಎ, ಬಿ, ಸಿ, ಡಿ, ಇ ಮೇವರೆಗೆ ಸಾಲಾಗಿ ಹೋಗುತ್ತವೆ. ಆಮೇಲೆ ಜಿಗಿತ: ಎಚ್ ಜೂನ್, ಕೆ ಜುಲೈ, ಎಂ ಆಗಸ್ಟ್, ಪಿ ಸೆಪ್ಟೆಂಬರ್, ಆರ್ ಅಕ್ಟೋಬರ್, ಎಸ್ ನವೆಂಬರ್, ಟಿ ಡಿಸೆಂಬರ್. ಮೊದಲ ಪಿ ಕಾರ್ಖಾನೆಯ ಗುರುತು, 9 ಅಂದರೆ 1969ರ ಮಾಡೆಲ್, ಕೊನೆಯ ಬಿ ಅಂದರೆ ಎಂ21 ಎಂಬ ಗೇರ್‌ಬಾಕ್ಸ್ ಮಾದರಿ. ಮೇನಲ್ಲಿ ಬ್ಲಾಕ್, ಜೂನ್‌ನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್, ಜುಲೈನಲ್ಲಿ ಕಾರು. ಇಷ್ಟು ಚೆನ್ನಾಗಿ ಕೂಡಿಬರುವ ತಾರೀಖುಗಳು ಸಿಗುವುದು ಅಪರೂಪ.

ಆದರೂ ತಾರೀಖು ಹೊಂದಿದ ಮಾತ್ರಕ್ಕೆ ಇದೇ ಕಾರಿನದು ಎನ್ನಲಾಗದು. ಅದೇ ವಾರದ ಬೇರೆ ಡಬ್ಬಿಯೂ ಆಗಿರಬಹುದು. ಗೇರ್‌ಬಾಕ್ಸ್ ಕೇಸ್ ಮೇಲೆ ಕಾರಿನ ನಂಬರಿನ (ಕಾರ್ಖಾನೆ ಕೊಟ್ಟ ವಿಐಎನ್, ನೋಂದಣಿ ನಂಬರ್ ಅಲ್ಲ) ತುಣುಕು ಇದೆಯಾ ನೋಡಿ. ಅಮೆರಿಕದ ನಾರ್ವುಡ್ ಕಾರ್ಖಾನೆಯಲ್ಲಿ ತಯಾರಾದ ಕಾರಾದರೆ 19ಎನ್ ಎಂದು ಶುರುವಾಗಿ ಆರು ಅಂಕಿ ಇರುತ್ತವೆ. ಎಂಜಿನ್ ಪ್ಯಾಡ್ ಮೇಲೂ ಅದೇ ಇರಬೇಕು.

ಕೇಳಿದವರು:
ತುಂಬಾ ಧನ್ಯವಾದ! ಕೇಸ್ ಮೇಲೆ ಗ್ರೀಸ್, ಅದರ ಮೇಲೆ ಹಳೇ ಬಣ್ಣ. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದರೆ ಕಾಣುತ್ತಾ?

ಉತ್ತರ:
ಖಂಡಿತ ಬೇಡ. ಎರಕದ ನಂಬರ್ ಉಬ್ಬಿರುತ್ತದೆ, ಅದು ಉಳಿಯುತ್ತದೆ. ಕಾರಿನ ನಂಬರ್ ಪಂಚ್ ಮಾಡಿದ್ದು, ಅದೂ ಮೆತ್ತನೆಯ ಅಲ್ಯೂಮಿನಿಯಂ ಮೇಲೆ. ಮರಳು ಬಿದ್ದರೆ ಸವೆದೇ ಹೋಗುತ್ತದೆ. ಡ್ರಿಲ್ಲಿಗೆ ಹಾಕುವ ವೈರ್ ಬ್ರಷ್ಷೂ ಬೇಡ.

ಸೀಮೆಎಣ್ಣೆ ಹಚ್ಚಿ ನೆನೆಯಲು ಬಿಡಿ. ನೈಲಾನ್ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಒರೆಸಿ, ಒಣಗಿಸಿ. ಕೋಣೆ ಕತ್ತಲೆ ಮಾಡಿ ಟಾರ್ಚನ್ನು ಪಕ್ಕದಿಂದ, ಲೋಹಕ್ಕೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಕಣ್ಣಿಗೆ ಕಾಣದ ಗೆರೆ ಆಗ ನೆರಳಾಗಿ ಕಾಣುತ್ತದೆ. ಇಲ್ಲದಿದ್ದರೆ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಸೀಸ ಅಡ್ಡ ಉಜ್ಜಿ. ಫೋಟೊ ತೆಗೆದಿಟ್ಟ ಮೇಲೇ ಮುಂದಿನ ಕೆಲಸ. ಕಾರ್ಖಾನೆಯವರು ಹಾಕಿದ ಸೀಮೆಸುಣ್ಣದ ಗುರುತು, ಬಣ್ಣದ ಪಟ್ಟೆ ಏನಾದರೂ ಸಿಕ್ಕರೆ ಅದನ್ನೂ ಅಳಿಸುವ ಮೊದಲು ಫೋಟೊ ತೆಗೀರಿ. ಒಮ್ಮೆ ಹೋದರೆ ಹೋಯ್ತು.

ಒಳಗಿನ ಗೇರುಗಳು ಬದಲಾಗಿವೆಯಾ ಎಂಬುದನ್ನೂ ನೋಡಬಹುದು. ಮೊದಲ ಗೇರಿಗೆ ಹಾಕಿ ಮುಂದಿನ ಶಾಫ್ಟ್ ಕೈಯಲ್ಲಿ ತಿರುಗಿಸಿ. ಹಿಂದಿನದು ಒಂದು ಸುತ್ತು ಬರಲು ಮುಂದಿನದು 2.2 ಸುತ್ತು ಬಂದರೆ ಎಂ21, ಎರಡೂವರೆ ಬಂದರೆ ಎಂ20 ಎಂಬ ಇನ್ನೊಂದು ಮಾದರಿ. ಮುಂದಿನ ಶಾಫ್ಟಿನ ಹಲ್ಲುಗಳ ಮೇಲೆ ಎಂ21ಕ್ಕೆ ಒಂದು ಉಂಗುರದ ಗೀರು, ಎಂ20ಕ್ಕೆ ಎರಡು. ಆದರೆ ಶಾಫ್ಟನ್ನೂ ಬದಲಾಯಿಸಿರಬಹುದು, ಸುತ್ತು ಎಣಿಸುವುದನ್ನೇ ನಾನು ಜಾಸ್ತಿ ನಂಬುತ್ತೇನೆ.

ಕೇಳಿದವರು:
ಓರೆ ಬೆಳಕಿನಲ್ಲಿ 19ಎನ್ ಸಿಕ್ಕಿತು, ಆರೂ ಅಂಕಿ ಕಾರಿನ ನಂಬರಿಗೆ ಸರಿಹೊಂದಿದವು! ಎಂಜಿನ್ ಪ್ಯಾಡ್ ಮೇಲೂ ಅದೇ. ಸುತ್ತು ಎಣಿಸಿದರೆ ಎಂ21 ಹೌದು. ಆಕ್ಸಲ್ ಕವರ್ ತೆಗೆದಾಗ ಒಳಗಿನ ದೊಡ್ಡ ರಿಂಗ್ ಗೇರ್ ಮೇಲೆ 41-11 ಎಂದಿದೆ.

ಉತ್ತರ:
ಅದು ಹಲ್ಲುಗಳ ಲೆಕ್ಕ: ರಿಂಗ್ ಗೇರಿಗೆ 41, ಅದನ್ನು ತಿರುಗಿಸುವ ಚಿಕ್ಕ ಗೇರಿಗೆ 11. 41ನ್ನು 11ರಿಂದ ಭಾಗಿಸಿ, 3.73. ಆ ವರ್ಷದ ಜೆಡ್28ಕ್ಕೆ ಸಾಮಾನ್ಯವಾಗಿ ಬರುತ್ತಿದ್ದುದು ಅದೇ. ಇನ್ನು ಬಲಗಡೆ ಆಕ್ಸಲ್ ಟ್ಯೂಬಿನ ಮುಂಭಾಗದಲ್ಲಿ ಪಂಚ್ ಮಾಡಿದ ಕೋಡ್ ಇರುತ್ತದೆ. ಅದಕ್ಕೂ ಸೀಮೆಎಣ್ಣೆ, ನೈಲಾನ್ ಬ್ರಷ್ಷೇ. ಓದಿ ಫೋಟೊ ಹಾಕಿ, ಒಟ್ಟಿಗೆ ನೋಡೋಣ.